ಮಳಿಗೆಗೆ ನುಗ್ಗಿದ ಮಂದೆ

ಚಳ್ಳಕೆರೆ,
೧೯೧೩ನೇ ಇಸವಿ ಜನವರಿ ೪, ಶನಿವಾರ

ಪ್ರೀತಿಯ ದುರುಗಕ್ಕನಿಗೆ,

ನಿನ್ನ ತಮ್ಮ ಓಬಯ್ಯ ಬರೆಯುತ್ತಿದ್ದೇನೆ. ನೀನೂ ಭಾವನೂ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಹಲ್ಲು ಮೂಡುವಾಗ ಕೂಸಿಗೆ ಜ್ವರ ಬಂದಿತ್ತು ಎಂದು ನೀನು ಬರೆದಿದ್ದೆ. ಈಗ ಹೇಗಿದ್ದಾನೆ? ಮೊಳಕಾಲ್ಮೂರಿನಿಂದ ನೀನು ಬರೆದ ಎರಡು ಕಾಗದಗಳಿಗೂ ನಾನು ಉತ್ತರ ಕೊಡಲಿಲ್ಲ. ತಪ್ಪಾಯಿತು. ಬರೆಯಲು ಕೂತರೆ ಸಿಟ್ಟಿಗೆ ಲೇಖನಿಯ ಮುಳ್ಳು ಕಾಗದವನ್ನೇ ಹರಿಯುತ್ತಿತ್ತು. ಇವತ್ತು ಸ್ವಲ್ಪ ತಣ್ಣಗಾಗಿದ್ದೇನೆ. ಪೂರ್ತಿ ಅಲ್ಲ.

ನಮ್ಮೂರ ಗಾಡಿಯವರು ನಿಮ್ಮೂರ ಸಂತೆಗೆ ಬಂದು ಏನೇನೋ ಹೇಳಿರುತ್ತಾರೆ. ಓಬಯ್ಯ ಕುಡಿದಿದ್ದ, ಓಬಯ್ಯನಿಗೆ ತಲೆ ಕೆಟ್ಟಿದೆ, ಕರಪತ್ರ ಓದಿ ಓದಿ ಹಾಳಾದ, ಹೀಗೆ. ಕುಡಿತ ಬಿಡಿಸುವ ಕರಪತ್ರವನ್ನು ಹೆಂಡದಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿ ಒದೆ ತಿಂದವನು ನಾನು. ನಾನು ಕುಡಿಯುತ್ತೇನೆಯೇ? ಮಾಡಿದ್ದನ್ನು ಮೈಮೇಲೆ ಎಚ್ಚರ ಇಟ್ಟುಕೊಂಡೇ ಮಾಡಿದೆ. ಮಾಡಿದ್ದು ಜೋಗಪ್ಪನ ಮೇಲಿನ ಸೇಡಿಗೆ. ಅದನ್ನು ಬೇರೆ ಒಳ್ಳೆಯ ಹೆಸರಿನಿಂದ ಕರೆಯಲು ನನಗೆ ಇಷ್ಟವಿಲ್ಲ.

ನಮ್ಮ ಹಳೆಯ ಕ್ರಿಸ್ಮಸ್ ನಿನಗೆ ನೆನಪಿದೆಯಲ್ಲ? ಮುಳ್ಳುಬೇಲಿಯ ರೊಪ್ಪದಲ್ಲಿ, ಕುರಿಗಳ ನಡುವೆಯೇ, ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಕಂಬಳಿ ಹಾಸಿ ಕೂರುತ್ತಿದ್ದೆವು. ಅಪ್ಪ ಇದ್ದಾಗ ಅಪ್ಪನೇ ಹೇಳುತ್ತಿದ್ದ, ದೇವರ ಕೂಸು ಹುಟ್ಟಿದ ಸುದ್ದಿ ಮೊದಲು ಬಂದದ್ದು ಅರಮನೆಗಲ್ಲ, ಗುಡಿಗಲ್ಲ, ಹೊಲದಲ್ಲಿ ಮಂದೆ ಕಾಯುತ್ತಿದ್ದವರಿಗೆ, ನಮ್ಮಂಥವರಿಗೆ ಎಂದು. ಹೊಲಗಳಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ರೈತರು ಕೊಡುವ ಕಾಳಿನಲ್ಲಿ ಪ್ರತಿ ಮನೆಯವರೂ ಒಂದೊಂದು ಹಿಡಿ ತೆಗೆದಿಡುತ್ತಿದ್ದರು. ವರ್ಷವೆಲ್ಲ ಕೂಡಿದ ಆ ಹಿಡಿಕಾಳು ಅವತ್ತು ಒಂದೇ ಒಲೆಯ ಮೇಲೆ ಬೇಯುತ್ತಿತ್ತು. ಯಾರು ಬಂದರೂ ಊಟ. ನಮ್ಮ ಪಕ್ಕದ ರೊಪ್ಪದ ಕ್ಯಾತಪ್ಪ ನಮ್ಮ ಕ್ರೈಸ್ತ ಸಭೆಯವನಲ್ಲ, ಆದರೂ ಒಂದು ವರ್ಷವೂ ತಪ್ಪಿಸಿದವನಲ್ಲ. "ನಿಮ್ಮ ದೇವ್ರಿಗೆ ನಾನು ಅಡ್ಡ ಬೀಳಲ್ಲ, ನಿಮ್ಮ ಮುದ್ದೆಗೆ ಮಾತ್ರ ಬೀಳ್ತೀನಿ" ಎನ್ನುತ್ತಿದ್ದ. ಅಪ್ಪ ನಗುತ್ತ ಅವನಿಗೇ ಮೊದಲು ಇಕ್ಕುತ್ತಿದ್ದ.

ಈ ಹಬ್ಬವನ್ನು ಜೋಗಪ್ಪ ಕೊಂಡುಕೊಂಡುಬಿಟ್ಟ.

ನೀನು ಮದುವೆಯಾಗಿ ಹೋಗುವಾಗ ಅವನು ಬರೀ ಉಣ್ಣೆ ವ್ಯಾಪಾರಿ. ಈಗ ಸಭೆಯ ಹಿರಿಯ. ಪೇಟೆಯಲ್ಲಿ ದೊಡ್ಡ ಮಳಿಗೆ ಕಟ್ಟಿಸಿದ್ದಾನೆ. ನಮ್ಮ ಕುರಿಗಳ ಉಣ್ಣೆಯನ್ನು ಅಗ್ಗಕ್ಕೆ ಕೊಂಡು ಬಳ್ಳಾರಿ ಕಡೆಯ ಒಬ್ಬ ಬಿಳಿ ದೊರೆಗೆ ಮಾರುತ್ತಾನೆ. ಬರುವಾಗ ಅದೇ ಗಾಡಿಯಲ್ಲಿ, ಹಡಗಿನಲ್ಲಿ ಬಂದ ಸೀಮೆಯ ಗಿರಣಿ ಬಟ್ಟೆ ತುಂಬಿಕೊಂಡು ಬಂದು ನಮಗೇ ಮಾರುತ್ತಾನೆ. ಆಚೆ ವರ್ಷ ಹಬ್ಬದ ಆರಾಧನೆಯನ್ನು ರೊಪ್ಪದಿಂದ ತನ್ನ ಮಳಿಗೆಗೆ ತಂದ. "ಚಳಿಯಾಗೆ ಮುದುಕರು ಯಾಕೆ ನಡುಗಬೇಕು?" ಎಂದ. ಉಪದೇಶಿ ಚಿತ್ತಪ್ಪನವರು ಒಪ್ಪಿದರು. ನಾನೂ ಏನೋ ಒಳ್ಳೆಯ ಮನಸ್ಸು ಎಂದುಕೊಂಡೆ. ಅವ್ವ ಕಂಬಳಿ ಹೊದ್ದು ಬಂದು ಎಂದಿನಂತೆ ಮುಂದೆ ಕೂತಳು. ಆಗ ಜೋಗಪ್ಪನ ಹೆಂಡತಿ ಸೂರಮ್ಮ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಬೋರಕ್ಕ, ದೊರೆಗಳು ಬರಾ ಹೊತ್ತಾತು. ಕುರಿ ವಾಸ್ನೆ ಅವರಿಗೆ ಆಗಿಬರಲ್ಲ. ಅಗೋ ಅಲ್ಲಿ, ಬಾಗ್ಲ ತಾವ ಕುಂತ್ಕಳವ್ವ."

ಅವ್ವ ಎದ್ದಳು. ಕಂಬಳಿಯನ್ನು ಮೈಗೆ ಇನ್ನಷ್ಟು ಸುತ್ತಿಕೊಂಡು, ಚಪ್ಪಲಿ ಬಿಡುವ ಜಾಗದಲ್ಲಿ ಹೋಗಿ ಕೂತಳು. ಅಕ್ಕ, ಆ ಕಂಬಳಿಯ ಉಣ್ಣೆಯೂ ಆ ದೊರೆ ಕೊಳ್ಳುವ ಉಣ್ಣೆಯೂ ಒಂದೇ ಕುರಿಯದು. ದೊರೆಗೆ ಮಾರುವಾಗ ಅದು ವಾಸನೆ ಬರುವುದಿಲ್ಲ, ನಮ್ಮವ್ವನ ಮೈಮೇಲಿದ್ದಾಗ ಬರುತ್ತದೆ. ಅವತ್ತೇ ನಾನು ಮನಸ್ಸಿನಲ್ಲಿ ಬರೆದುಕೊಂಡೆ, ಜೋಗಪ್ಪನಿಗೆ ಇದನ್ನು ಮರಳಿ ಕೊಡದೆ ಬಿಡುವುದಿಲ್ಲ ಎಂದು. ಒಂದು ವರ್ಷ ಆ ಸಿಟ್ಟನ್ನು ಸಾಕಿದೆ. ಮರಿ ಸಾಕಿದ ಹಾಗೆ ಸಾಕಿದೆ.

ಮೊನ್ನೆ ನವೆಂಬರಿನಲ್ಲಿ ಉಪದೇಶಿಗಳು ಆರಾಧನೆ ಮುಗಿದ ಮೇಲೆ ಸಾರಿದರು: ಹಬ್ಬಕ್ಕೆ ಎಲ್ಲರೂ ಹೊಸಬಟ್ಟೆ ಉಟ್ಟು ಬರಬೇಕು, ಕಂಬಳಿಯವರು ಮಳಿಗೆಯ ಹೊರಗೆ ಚಪ್ಪರದಲ್ಲಿ ಕೂರಬಹುದು. ಹೊಸಬಟ್ಟೆ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮಾರನೆಯ ವಾರ ಪೇಟೆಗೆ ಹೋದವನು ಮಳಿಗೆಯ ಮುಂದೆ ನಿಂತೇಬಿಟ್ಟೆ. ಬಾಗಿಲಲ್ಲಿ ಹುಲ್ಲಿನ ಗೋದಲಿ ಮಾಡಿಟ್ಟಿದ್ದಾನೆ. ಮೇಲೆ ಬಣ್ಣದ ಕಾಗದದ ನಕ್ಷತ್ರ. ಗೋದಲಿಯಲ್ಲಿ ಕೂಸು ಮಲಗುವ ಜಾಗದಲ್ಲಿ ಏನಿತ್ತು ಗೊತ್ತೇ? ಗಿರಣಿ ಬಟ್ಟೆಯ ಗಂಟು. ಗುಲಾಬಿ ಬಣ್ಣದ್ದು.

ಒಳಗೆ ಹೋದೆ. ಜೋಗಪ್ಪ ಗಾದಿಯ ಮೇಲೆ ಕೂತು ಎಲೆಯಡಿಕೆ ಮಡಿಸುತ್ತಿದ್ದ.

"ಯಾಕ್ಲೇ ಓಬಯ್ಯ, ಹಬ್ಬಕ್ಕೆ ಪಂಚೆ ತೋರಿಸ್ಲಾ?"

"ಪಂಚೆ ಬ್ಯಾಡ. ಈ ವರ್ಷದ ಹಿಡಿಕಾಳು ಎಲ್ಲಿ ಹೋತು ಅಂತ ಕೇಳಕ್ಕೆ ಬಂದೆ."

"ದೊರೆಗೆ ಡಾಲಿ ಕೊಡಬೇಕಲ್ಲಪ್ಪ. ಕಾಳು ಮಾರಿ ಬಿಸ್ಕತ್ತಿನ ಡಬ್ಬಿ, ಕಿತ್ತಳೆಹಣ್ಣು, ದ್ರಾಕ್ಷಿ ಎಲ್ಲ ತರಸ್ತಾ ಇದೀನಿ. ಬುಟ್ಟಿ ನೋಡಿದ್ರೆ ದೊರೆ ಕಣ್ಣು ಅರಳಬೇಕು ಹಂಗೆ."

ಡಾಲಿ ಎಂದರೆ ನಿನಗೆ ಗೊತ್ತಲ್ಲ, ಹಬ್ಬದ ನೆಪದಲ್ಲಿ ದೊರೆಗಳ ಮುಂದೆ ಇಡುವ ಕಾಣಿಕೆಯ ಬುಟ್ಟಿ. ಬಡವರ ಊಟಕ್ಕೆಂದು ಹೆಂಗಸರು ಹಿಡಿ ಹಿಡಿಯಾಗಿ ಕೂಡಿಸಿದ ಕಾಳು ಆ ಬುಟ್ಟಿಗೆ ಹೋಯಿತು.

"ಅದು ಎಲ್ರೂ ಕುಂತು ಉಣ್ಣಾ ಕಾಳು" ಎಂದೆ.

"ದೊರೆಗೆ ಏನಲೇ, ರಾಗಿಮುದ್ದೆ ಇಕ್ಕಾನಾ?"

"ಇಕ್ಕಬೌದಲ್ರಿ. ಸ್ವಾಮಿ ಹುಟ್ಟಿದಾಗ ಕುರಿ ಕಾಯೋರೇನು ಬಿಸ್ಕತ್ತು ಹಿಡಕಂಡು ಹೋಗಿದ್ರಾ?"

ಜೋಗಪ್ಪ ಹೊಟ್ಟೆ ಕುಣಿಸಿ ನಕ್ಕ. "ಪೂರ್ವ ದಿಕ್ಕಿನ ಜ್ಞಾನಿಗಳು ಚಿನ್ನ, ಧೂಪ ಹಿಡಕಂಡು ಹೋಗಿದ್ರಲ್ಲಪ್ಪ! ನಿನ್ನ ಕರಪತ್ರದಾಗೆ ಅದು ಬರದಿಲ್ವಾ? ನೀನು ಕುರಿಯೋರ ಪಂಗಡ, ನಾನು ಜ್ಞಾನಿಗಳ ಪಂಗಡ. ಹಬ್ಬಕ್ಕೆ ಇಬ್ರೂ ಬೇಕು ಕಣಲೇ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರೊಪ್ಪದವರೆಗೆ ನಡೆದು ಬಂದ ಮೇಲೆ ಉತ್ತರ ಹೊಳೆಯಿತು: ಜ್ಞಾನಿಗಳು ಕಾಣಿಕೆ ಕೊಟ್ಟದ್ದು ಕೂಸಿಗೆ, ಆ ಕೂಸನ್ನು ಕೊಲ್ಲಿಸಲು ಹುಡುಕಿದ ಹೆರೋದ ರಾಜನಿಗೆ ಡಾಲಿ ಕಳಿಸಲಿಲ್ಲ! ಆದರೆ ಅಲ್ಲಿ ಕೇಳಲು ಕುರಿಗಳು ಮಾತ್ರ ಇದ್ದವು. ಸರಿಯಾದ ಉತ್ತರ ತಡವಾಗಿ ಬಂದಾಗ ಆಗುವ ಉರಿ ಸುಳ್ಳುಗಾರನಿಗೆ ಎಂದೂ ಗೊತ್ತಾಗುವುದಿಲ್ಲ.

ಉಪದೇಶಿ ಚಿತ್ತಪ್ಪನವರ ಹತ್ತಿರವೂ ಹೋದೆ. ಒಳ್ಳೆಯ ಮನುಷ್ಯ, ಬೆನ್ನು ಮಾತ್ರ ಇಲ್ಲ. "ಓಬಯ್ಯ, ಸೇಡು ದೇವರ ಕೆಲಸ, ನಮ್ಮದಲ್ಲ. ಆತನಿಗೆ ಬಿಡಪ್ಪ" ಎಂದರು. "ದೇವರಿಗೆ ಕೆಲ್ಸ ಬಾಳ ಇರ್ತಾವೆ ಉಪದೇಶಿಗಳೇ, ಚಳ್ಳಕೆರೆದು ನಾನು ನೋಡ್ಕಂತೀನಿ" ಎಂದು ಎದ್ದು ಬಂದೆ.

ಮೊದಲು ನಾನೇ ಒಂದು ಕರಪತ್ರ ಬರೆದೆ. 'ಗೋದಲಿಯಲ್ಲಿ ಗಂಟು' ಎಂದು ಅದರ ತಲೆಬರಹ. ಅಚ್ಚು ಹಾಕಿಸುವುದು ಹೇಗೆ? ಕೈಯಲ್ಲೇ ಬರೆದು ಬರೆದು ಬಾವಿಕಟ್ಟೆ, ಚಾವಡಿ, ಹೆಂಡದಂಗಡಿ ಎಲ್ಲೆಲ್ಲೂ ಅಂಟಿಸಿದೆ. ಓದಲು ಬರುವವರು ಈ ಊರಲ್ಲಿ ಎಷ್ಟು ಮಂದಿ ಹೇಳು. ಅವರಲ್ಲಿ ಮುಕ್ಕಾಲು ಪಾಲು ಜೋಗಪ್ಪನ ಗಿರಾಕಿಗಳು. ಉಳಿದದ್ದನ್ನು ಮೇಕೆಗಳು ತಿಂದವು. ಆಗ ನನಗೆ ಬುದ್ಧಿ ಬಂತು. ಓದು ಬಾರದವರ ಊರಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಹೇಳಬೇಕು.

ಹಬ್ಬದ ಬೆಳಿಗ್ಗೆ ಎದ್ದಾಗ ಅವ್ವ ಮನೆಯಲ್ಲಿರಲಿಲ್ಲ. ಸೌದೆಗೆ ಹೋಗಿರಬೇಕು, ಇಲ್ಲವೇ ಮನಸ್ಸಿಗೆ ಬೇಸರವಾಗಿ ಅಪ್ಪನ ಗೋರಿಯ ಕಡೆ ಹೋಗಿರಬೇಕು ಎಂದುಕೊಂಡೆ. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಬಿಸಿಲು ಏರಿತು. ಪೇಟೆಯ ಕಡೆಯಿಂದ ಹಾಡು ಕೇಳಿಸಿತು. ದೊರೆಯ ಕುದುರೆಗಾಡಿ ಹೋದದ್ದನ್ನೂ ನೋಡಿದೆ. ರೊಪ್ಪದ ಮುಳ್ಳು ಸರಿಸಿ ಮಂದೆಯನ್ನು ಎಬ್ಬಿಸಿದೆ.

ಕ್ಯಾತಪ್ಪ ತನ್ನ ರೊಪ್ಪದಿಂದ ಕೂಗಿದ, "ಇವತ್ತು ಯಾವ ಕಡೀಗ್ಲೇ ಮೇವು?"

"ಜೋಗಪ್ಪನ ಮಳಿಗೆ ಕಡೀಗೆ."

"ಕುರಿಗೂ ಹಬ್ಬಕ್ಕೆ ಕರದವ್ರೇನಲೇ?"

"ಕರದಿಲ್ಲ. ಅದಕ್ಕೇ ಹೋಗ್ತಿರಾದು."

ಅವನು ತನ್ನ ಕೋಲು ತಗೊಂಡು, "ಈ ವರ್ಷ ಮುದ್ದೆ ತಪ್ಪಿಸಿದ್ದು ಅವನೇ ತಾನೆ? ನಡಿ, ನಮ್ಮವನ್ನೂ ಕೂಡಿಸ್ತೀನಿ" ಎಂದ.

ಎರಡು ಮಂದೆ ಒಂದಾಗಿ ಪೇಟೆಯ ಬೀದಿಯಲ್ಲಿ ಹೊರಟದ್ದನ್ನು ನೀನು ನೋಡಬೇಕಿತ್ತು ಅಕ್ಕ. ಧೂಳು ಎದ್ದು ಬಿಸಿಲೇ ಮಂಕಾಯಿತು. ಬಳೆಗಾರರು ಬುಟ್ಟಿ ಎತ್ತಿಕೊಂಡು ಜಗಲಿ ಹತ್ತಿದರು. ಮಳಿಗೆಯ ದೊಡ್ಡ ಬಾಗಿಲು ತೆರೆದೇ ಇತ್ತು, ದೊರೆಗೆ ಗಾಳಿ ಬರಲೆಂದು. ಹೊರಗಿನ ಚಪ್ಪರದಲ್ಲಿ ಕಂಬಳಿಯವರು ಕೂತಿದ್ದರು, ಅವರು ನಮ್ಮವರು, ಮಂದೆ ಬಂದರೆ ಹೇಗೆ ಸರಿಯಬೇಕೆಂದು ಬಲ್ಲವರು. ದಾರಿ ಬಿಟ್ಟರು. ಮುಂದಿನ ಟಗರು ಬಾಗಿಲ ಗೋದಲಿಗೆ ಬಾಯಿ ಹಾಕಿತು. ಹುಲ್ಲು ಹೋಯಿತು, ಗುಲಾಬಿ ಗಂಟು ಉರುಳಿತು, ನಕ್ಷತ್ರ ಹರಿದು ಬಿತ್ತು. ಆಮೇಲೆ ಮಂದೆ ಒಳಗೆ ಹೊಕ್ಕಿತು. ಏರಿ ಒಡೆದ ಕೆರೆಯ ಹಾಗೆ ಹೊಕ್ಕಿತು.

ನಾನು ಬಾಗಿಲಲ್ಲಿ ನಿಂತು ಕೂಗಿದೆ, "ಸುದ್ದಿ ಮೊದ್ಲು ಬಂದಿದ್ದು ಇವಕ್ಕೆ ಜೋಗಪ್ಪ! ಜಾಗ ಬಿಡು!"

ಡಾಲಿಯ ಬುಟ್ಟಿ ಮೇಜಿನ ಮೇಲಿತ್ತು. ಕ್ಯಾತಪ್ಪನ ಒಂದು ಹೋತ ಮೇಜು ಹತ್ತಿ ದ್ರಾಕ್ಷಿಯನ್ನು ಗೊಂಚಲು ಸಮೇತ ನುಂಗಿತು. ಕಿತ್ತಳೆಹಣ್ಣು ಉರುಳುವುದು, ಜನ ಅದರ ಮೇಲೆ ಜಾರುವುದು. ಬಿಡಿಸಿ ಹರಡಿದ್ದ ಬಟ್ಟೆಯ ಮೇಲೆಲ್ಲ ಗೊರಸಿನ ಗುರುತು, ಹಿಕ್ಕೆ. ಸೂರಮ್ಮ ಬಟ್ಟೆಯ ಮೂಟೆ ಹತ್ತಿ, "ಅಯ್ಯೋ ನನ್ನ ಮಳಿಗೆ! ಅಯ್ಯೋ ನನ್ನ ಜರಿ!" ಎಂದು ಬಾಯಿ ಬಡಿದುಕೊಂಡಳು. ಜೋಗಪ್ಪ ಪೇಟ ಬಿದ್ದುಹೋಗಿ, ಬೋಳುತಲೆಯಲ್ಲಿ, ಎರಡು ಟಗರುಗಳ ನಡುವೆ ಸಿಕ್ಕಿಕೊಂಡು, ಅತ್ತ ಹೋಗಲಾರದೆ ಇತ್ತ ಬರಲಾರದೆ ನಿಂತಿದ್ದ. ಅವನ ಮುಖ ನೋಡಿದಾಗ ನನ್ನ ಒಂದು ವರ್ಷದ ಹಸಿವು ಹಿಂಗಿತು. ದೇವರು ಕ್ಷಮಿಸಲಿ, ಕ್ಷಮಿಸದಿರಲಿ, ನಿಜ ಅದು.

ಒಂದೇ ಕೊರತೆ. ದೊರೆ ಓಡಿಹೋಗುತ್ತಾನೆ, ಜೋಗಪ್ಪನ ವ್ಯಾಪಾರ ಮುರಿಯುತ್ತದೆ ಎಂದುಕೊಂಡಿದ್ದೆ. ಆ ಬಿಳಿಯ ಮನುಷ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಪಕ್ಕದಲ್ಲಿದ್ದ ಕುರಿಯ ಬೆನ್ನಿಗೆ ಕೈ ಹಾಕಿ, ಉಣ್ಣೆಯನ್ನು ಬೆರಳಲ್ಲಿ ಎಳೆದು ನೋಡಿ, ಜೋಗಪ್ಪನನ್ನು ಏನೋ ಕೇಳಿದ. ಜೋಗಪ್ಪ ಆ ಗದ್ದಲದಲ್ಲೂ ಕೈಮುಗಿದು ಉತ್ತರ ಹೇಳಿದ! ಅಂಥವರನ್ನು ಬಗ್ಗಿಸಲು ಕುರಿ ಸಾಲದು.

ಮುಂದಿನ ಭಾನುವಾರ ಸಭೆ ಕೂಡಿ, ಓಬಯ್ಯ ಎಲ್ಲರ ಮುಂದೆ ಜೋಗಪ್ಪನವರ ಕಾಲು ಹಿಡಿಯಬೇಕು, ಅಲ್ಲಿಯವರೆಗೆ ಆರಾಧನೆಗೆ ಬರಬಾರದು ಎಂದು ತೀರ್ಮಾನ ಮಾಡಿದರಂತೆ. ಉಪದೇಶಿಗಳೇ ಬಂದು ತಿಳಿಸಿದರು. "ಹಿಡಿಕಾಳು ತಿರುಗಿ ಬರಲಿ, ಅವತ್ತು ಕಾಲಲ್ಲ, ಕೈ ಹಿಡೀತೀನಿ" ಎಂದೆ. ಅವರು ತಲೆ ತಗ್ಗಿಸಿ ಹೋದರು. ಹೊಸ ವರ್ಷದ ಬೆಳಿಗ್ಗೆ ಚಪ್ಪರದಲ್ಲಿ ಕೂತಿದ್ದ ನಾಲ್ಕು ಮನೆಯವರು ತಾವಾಗಿಯೇ ರೊಪ್ಪಕ್ಕೆ ಬಂದರು. ಪ್ರತಿಯೊಬ್ಬರ ಸೆರಗಿನಲ್ಲೂ ಹಿಡಿ ಕಾಳು. ಕಂಬಳಿ ಹಾಸಿದೆವು. ಅಪ್ಪ ಹೇಳುತ್ತಿದ್ದುದನ್ನೇ ನಾನು ಹೇಳಿದೆ. ಕ್ಯಾತಪ್ಪ ಊಟ ಮಾಡಿ, ಕೈ ನೆಕ್ಕಿಕೊಂಡು, "ಈಗ ಹಬ್ಬ ಆತು ನೋಡು" ಎಂದ. ನಾವು ಸೋತಿಲ್ಲ ಅಕ್ಕ. ಬರುವ ವರ್ಷ ಇನ್ನೂ ಹೆಚ್ಚು ಜನ ಬರುತ್ತಾರೆ. ಜೋಗಪ್ಪ ಅದನ್ನು ಕಣ್ಣಾರೆ ನೋಡಿ ಉರಿಯಬೇಕು, ಅದೇ ನನ್ನ ಆಸೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಗ್ಗದ ಸದ್ದು ನಿಲ್ಲದಿರಲಿ, ಕೂಸಿನ ಮೈ ಗಟ್ಟಿಯಾಗಲಿ. ಗೋದಲಿಯ ಕೂಸು ನಿಮ್ಮ ಮನೆಯ ತೊಟ್ಟಿಲನ್ನೂ ಕಾಯಲಿ.

ಇಂತಿ ನಿನ್ನ ತಮ್ಮ,
ಓಬಯ್ಯ

ತಾ. ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಅವ್ವ ಹಬ್ಬದ ಬೆಳಿಗ್ಗೆ ಎಲ್ಲಿಗೆ ಹೋಗಿದ್ದಳೆಂದು ಮೇಲೆ ಬರೆಯಲಿಲ್ಲ. ಅವ್ವ ಮಳಿಗೆಯಲ್ಲಿದ್ದಳು. ಮೊದಲನೇ ಸಾಲಿನಲ್ಲಿ, ಎಲೆಹಸಿರು ಸೀರೆಯುಟ್ಟು ಕೂತಿದ್ದಳು. ನನಗೆ ಗುರುತು ಸಿಗಲಿಲ್ಲ. ಕುರಿಗಳಿಗೆ ಸಿಕ್ಕಿತು. ನಮ್ಮ ಮಂದೆಯ ಕುರಿಗಳು ಬಟ್ಟೆಯನ್ನೂ ಹಣ್ಣನ್ನೂ ದಾಟಿ ನೇರ ಅವಳ ಹತ್ತಿರ ಹೋಗಿ, ಸುತ್ತ ನಿಂತು ಮಡಿಲಿಗೆ ಮೂತಿ ಇಟ್ಟವು. ಆಗ ಯಾರೋ ನಕ್ಕರು. ಅವ್ವ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನಾ ಕರೆಯುವ ಹಾಗೆ ಬಾಯಲ್ಲಿ ಸದ್ದು ಮಾಡಿದಳು. ಎಲ್ಲವೂ ಅವಳ ಹಿಂದೆ ಹೊರಟವು. ದೊರೆಯ ಮುಂದೆ, ಸೂರಮ್ಮನ ಮುಂದೆ, ಊರಿನ ಮುಂದೆ ಕುರಿ ಹೊಡೆದುಕೊಂಡು ನನ್ನನ್ನು ದಾಟಿ ಹೋದಳು, ಮುಖ ನೋಡಲಿಲ್ಲ. ಮಂದೆಯನ್ನು ರೊಪ್ಪಕ್ಕೆ ಬಿಟ್ಟು ಬಂದು, ಪೊರಕೆ ಕೇಳಿ ಇಸಿದುಕೊಂಡು, ಮಳಿಗೆಯ ಹಿಕ್ಕೆಯನ್ನೆಲ್ಲ ಗುಡಿಸಿದಳು, ಅದೇ ಸೀರೆಯಲ್ಲಿ.

ಮನೆಗೆ ಬಂದಾಗ ನಾನು ಕೇಳಿದೆ, "ಜೋಗಪ್ಪನ ಅಂಗಡಿ ಬಟ್ಟೆ ಉಡಾಕೆ ನಿಂಗೆ ನಾಚ್ಕೆ ಆಗ್ಲಿಲ್ವೇನವ್ವ?"

"ಅವನ ಅಂಗಡೀದಲ್ಲ" ಎಂದಳು. "ನಮ್ಮ ಅಳಿಯ ನೆಯ್ದಿದ್ದು. ದುರುಗಿ ಗಾಡಿಯೋರ ಕೈಯಾಗೆ ಕಳಿಸಿದ್ಲು. ಸೂರಮ್ಮ ಪಕ್ಕದಾಗೆ ಕುಂಡ್ರಿಸ್ಕಂಡು, ಅಂಚು ಮುಟ್ಟಿ ನೋಡಿ, ಯಾರ ಮಗ್ಗದ್ದು ಬೋರಕ್ಕ ಅಂತ ಕೇಳಿದ್ಲು. ಹೇಳಾನ ಅಂತ ಬಾಯಿ ತೆಗೆದೆ, ಅಷ್ಟ್ರಾಗೆ ನೀನು ಬಂದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಏನಾರ ಓದಿ ಹೇಳ್ತಿದ್ದೆ. ನಂಗೆ ಬರೀ ಉಡಬೇಕು ಅನ್ನಿಸ್ತು ಕಣಪ್ಪ."

ಅದಾದ ಮೇಲೆ ಅವ್ವ ನನ್ನ ಹತ್ತಿರ ಮಾತಾಡಿಲ್ಲ. ಹೊಸ ವರ್ಷದ ಬೆಳಿಗ್ಗೆ ರೊಪ್ಪದಲ್ಲಿ ಮುದ್ದೆ ತೊಳಸಿಕೊಟ್ಟಳು, ನಮ್ಮ ಜೊತೆ ಕೂರಲಿಲ್ಲ. ನಿನ್ನ ಎರಡು ಕಾಗದಗಳನ್ನೂ ತೆಗೆದು ಮತ್ತೆ ಓದಿದೆ. ಕೂಸಿನ ಹಲ್ಲು ಇದೆ, ರೇಷ್ಮೆಯ ದರ ಇದೆ, ಸೀರೆಯ ಮಾತು ಎಲ್ಲೂ ಇಲ್ಲ. ಅಕ್ಕ, ನನಗೆ ಗೊತ್ತಾಗಬಾರದು ಅಂತ ನೀವಿಬ್ಬರೂ ಯಾವಾಗ ಮಾತಾಡಿಕೊಂಡಿರಿ? ನನಗೆ ಅಷ್ಟು ಹೆದರುತ್ತೀರಾ? ನಿಜ ಬರೆ.